ಹನ್ನೊಂದು ಕಡುಬಿನ ತಾಟು

ಶ್ರಾವಣ ಹುಟ್ಟಿದ ಮೂರನೆಯ ದಿನ ನಮ್ಮ ಮನೆಯ ಅಟ್ಟದಿಂದ ಒಂದು ಗೋಣಿಚೀಲದ ಗಂಟು ಕೆಳಗಿಳಿಯುತ್ತದೆ. ಒಳಗಿರುವುದು ಹಿತ್ತಾಳೆಯ ಒಂದು ಬೋಗುಣಿ, ಅದರ ಹೊಟ್ಟೆಯಲ್ಲಿ ಸರಿಯಾಗಿ ಕೂರುವ ತೂತಿನ ತಾಟು, ಮೇಲೆ ಗುಮ್ಮಟದಂಥ ಮುಚ್ಚಳ. ವರ್ಷದ ಕಿಲುಬು, ಜೇಡರ ಬಲೆ ಎಲ್ಲ ಹೋಗಲು ಹುಣಸೆಹಣ್ಣು, ಬೂದಿ ಹಾಕಿ ಅರ್ಧ ತಾಸು ತಿಕ್ಕಬೇಕು. ತಿಕ್ಕುತ್ತ ಹೋದಂತೆ ಬೋಗುಣಿಯ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಏಳುತ್ತವೆ. ಮೊದಲು ಅಜ್ಜಿಯ ಹೆಸರಿನ ಒಂದಕ್ಷರ, ಆಮೇಲೆ ‘ಆಡೂರು’.

ಅವಳನ್ನು ನಾವು ಕರೆಯುತ್ತಿದ್ದುದು ‘ಅಮ್ಮ’ ಎಂದು. ನಮ್ಮ ಸೀಮೆಯಲ್ಲಿ ಹೆತ್ತವಳು ಅವ್ವ, ಅವಳನ್ನು ಹೆತ್ತವಳು ಅಮ್ಮ. ಹಾನಗಲ್ ತಾಲ್ಲೂಕಿನ ಆಡೂರಿನಿಂದ ಸವಣೂರ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದಾಗ ಚಕ್ಕಡಿಯಲ್ಲಿ ಅವಳ ಜೊತೆ ಬಂದ ಪಾತ್ರೆ ಇದು. ಹೆಸರು ಕೊರೆಸಿದ್ದು ಬಡಿವಾರಕ್ಕಲ್ಲ. ಊರಲ್ಲಿ ಯಾರದೇ ಮದುವೆಯಾದರೂ ದೊಡ್ಡ ಪಾತ್ರೆಗಳು ಮನೆಮನೆಯಿಂದ ಎರವಲು ಹೋಗುತ್ತಿದ್ದವು, ಹೋದದ್ದು ತಿರುಗಿ ಬರಲಿ ಎಂಬ ಮುಂಜಾಗ್ರತೆ ಅಷ್ಟೆ. ಇತಿಹಾಸ ಓದಿದವರಿಗೆ ಆಡೂರು ಎಂದರೆ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನ, ಬಸದಿಗೆ ಭೂಮಿ ಬಿಟ್ಟ ಸಂಗತಿಯನ್ನು ಕಲ್ಲಲ್ಲಿ ಬರೆಸಿದ ಊರು. ನಮ್ಮ ಮನೆಯ ಆಡೂರು ಶಾಸನ ಹಿತ್ತಾಳೆಯದು. ಒಂದೂವರೆ ಸಾಲಿನದು.

ತಾಟಿನಲ್ಲಿ ಹಿಡಿಯುವುದು ಹನ್ನೊಂದು ಕಡುಬು. ಸುತ್ತ ಒಂಬತ್ತು, ನಡುವೆ ಎರಡು. ಚಿಕ್ಕವನಿದ್ದಾಗ ನಾನು ಹನ್ನೆರಡನೆಯದನ್ನು ತುರುಕಲು ಹೋಗಿ ಬೈಸಿಕೊಂಡಿದ್ದೇನೆ. ‘ಹನ್ನೊಂದ ಹಿಡೀತಾವು ಅಂತ ಹೇಳಿನಿಲ್ಲೊ, ಇನ್ನೊಂದು ಇಟ್ಟಿ ಅಂದ್ರ ಹಬಿ ಮ್ಯಾಲ ಬರೂದಿಲ್ಲ, ಎಲ್ಲಾ ಹಸೀನ ಉಳೀತಾವು’ ಎಂದು ಅಮ್ಮ ಕೈಯಿಂದ ಕಸಿದುಕೊಂಡಿದ್ದಳು. ಅವಳು ಹೇಳಿದ್ದರಲ್ಲಿ ಎಷ್ಟು ವಿಜ್ಞಾನ ಇತ್ತು ಎಂಬುದು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಈಗ ಎಲ್ಲೆಡೆ ‘ಆರೋಗ್ಯಕರ ಅಡುಗೆ’ಯದೇ ಮಾತು. ಮನೆಯಲ್ಲೇ ಮಾಡಿಕೊಳ್ಳುವ, ಎಣ್ಣೆ ಕಡಿಮೆಯಿರುವ, ಮೈದಾ ಇಲ್ಲದ ಕಡುಬು ಹೇಗೆ ಎಂದು ಮಗಳಂದಿರು ಫೋನು ಹಿಡಿದು ಹುಡುಕುತ್ತಾರೆ. ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲವಲ್ಲ ಎಂದು ಈ ಬೋಗುಣಿಯನ್ನು ತಿಕ್ಕುವಾಗಲೆಲ್ಲ ಅನ್ನಿಸುತ್ತದೆ. ಅಟ್ಟ ಸೇರಿದ್ದನ್ನು ಇಳಿಸಬೇಕು ಅಷ್ಟೆ.

ಪಂಚಮಿಗೇ ಯಾಕೆ ಇದು ಕೆಳಗಿಳಿಯುತ್ತದೆ ಎಂಬುದಕ್ಕೆ ಕಾರಣವಿದೆ. ನಾಗರ ಪಂಚಮಿಯ ದಿನ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಬಾಣಲೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ, ಈಳಿಗೆಗೆ ಕೈ ಹಚ್ಚುವುದಿಲ್ಲ. ಹೊಲದಲ್ಲಿ ನೇಗಿಲು, ಗುದ್ದಲಿಗೂ ಅಂದು ರಜೆ. ನೆಲದೊಳಗಿನ ಹಾವಿಗೆ ನೋವಾಗಬಾರದು ಎಂಬ ನಂಬಿಕೆ. ರೊಟ್ಟಿ, ಉಂಡಿಗಳೆಲ್ಲ ಮೊದಲೇ ತಯಾರಾಗಿ ಡಬ್ಬಿಯಲ್ಲಿರುತ್ತವೆ. ಅಂದಿನ ಬಿಸಿ ಅಡುಗೆ ಏನಿದ್ದರೂ ಕುದಿಸಿದ್ದು, ಹಬೆಯಲ್ಲಿ ಬೇಯಿಸಿದ್ದು. ಹಾಗಾಗಿ ಕುಚ್ಚಿದ ಕಡುಬು. ಮನೆಯಿಂದ ಮನೆಗೆ ಈ ನೇಮ ಬೇರೆಯಾಗುತ್ತದೆ, ಬೆಳಗಾವಿಯಾಚೆ ಮರಾಠಿ ಮನೆಗಳಲ್ಲೂ ಇದರ ಸೋದರ ನೇಮಗಳಿವೆ. ಗಂಡನ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುವ ಹಬ್ಬವೂ ಇದೇ. ಅಮ್ಮ ಮಾತ್ರ ಆಡೂರಿಗೆ ಹೋಗಲಾಗದ ವರ್ಷಗಳಲ್ಲಿ ಈ ಬೋಗುಣಿಯನ್ನು ತಾನೇ ತಿಕ್ಕುತ್ತಿದ್ದಳು, ಸೊಸೆಯಂದಿರಿಗೆ ಕೊಡುತ್ತಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಚೌತಿ ಬರುತ್ತದೆ. ಆಗ ಅದೇ ಕಣಕ, ಅದೇ ಹೂರಣ, ಆದರೆ ಬಾಣಲೆ. ಗಣಪತಿಗೆ ಇಪ್ಪತ್ತೊಂದು ಕರಿದ ಕಡುಬು. ಹೊಟ್ಟೆ ಬಿರಿಯುವಂತೆ ತಿಂದು, ಬಿರಿದ ಹೊಟ್ಟೆಗೆ ಹಾವನ್ನೇ ಸುತ್ತಿಕೊಂಡ ದೇವರ ಕಥೆಯನ್ನು ನಮ್ಮವರು ಹಬ್ಬದ ದಿನವೇ ಹೇಳುತ್ತಾರಲ್ಲ, ಅದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆಯೇನೊ. ಪಂಚಮಿಯ ಹಾವು ಬೇಯಿಸು ಎನ್ನುತ್ತದೆ, ಚೌತಿಯ ಹಾವು ಸಾಕು ಎನ್ನುತ್ತದೆ. ಇದು ನನ್ನ ತರ್ಕ, ಪುರಾಣಿಕರು ಒಪ್ಪಬೇಕೆಂದಿಲ್ಲ.

ಹಬೆ ಮಾಡುವ ಕೆಲಸವನ್ನು ಒಮ್ಮೆ ಸರಿಯಾಗಿ ನೋಡಬೇಕು. ಬೋಗುಣಿಯ ತಳದಲ್ಲಿ ಎರಡು ಬೆರಳು ನೀರು. ಮೇಲೆ ತಾಟು, ತಾಟಿನ ಮೇಲೆ ಒದ್ದೆ ಬಿಳಿ ಅರಿವೆ. ತೂತಿನ ತಾಟು ಇಲ್ಲದ ಮನೆಗಳಲ್ಲಿ ಭತ್ತದ ಹುಲ್ಲನ್ನು ಸಿಂಬಿಯಂತೆ ಸುತ್ತಿ ನೀರಿನ ಮೇಲೆ ಏರುವಷ್ಟು ಇಟ್ಟು ಅದರ ಮೇಲೆ ಅರಿವೆ ಹಾಸುತ್ತಿದ್ದರು. ಹಾನಗಲ್ ಸೀಮೆ ಅರೆಮಲೆನಾಡು, ಕೆರೆ, ಗದ್ದೆಗಳ ನಾಡು, ಹುಲ್ಲಿಗೆ ಬರವಿರಲಿಲ್ಲ. ನಮ್ಮೂರು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವುದರಿಂದ ನೀರು 98 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಎಷ್ಟು ಕಟ್ಟಿಗೆ ಒಟ್ಟಿದರೂ ಹಬೆ ಅದಕ್ಕಿಂತ ಬಿಸಿಯಾಗದು. ಬಾಣಲೆಯ ಎಣ್ಣೆ 170, 180 ಡಿಗ್ರಿಗೆ ಕಾಯುತ್ತದೆ. ಹಾಗಿದ್ದೂ ಹಬೆ ಕಡುಬನ್ನು ಹನ್ನೆರಡು ನಿಮಿಷದಲ್ಲಿ ಹೇಗೆ ಬೇಯಿಸುತ್ತದೆ?

ಗುಟ್ಟು ಇರುವುದು ಹಬೆ ನೀರಾಗುವ ಗಳಿಗೆಯಲ್ಲಿ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ಕುದಿಯುವ ನೀರು ಹಬೆಯಾಗಲು ಸುಮಾರು 540 ಕ್ಯಾಲೊರಿ ನುಂಗುತ್ತದೆ. ಆ ಹಬೆ ತಣ್ಣನೆಯ ಕಡುಬಿಗೆ ತಾಗಿ ಮರಳಿ ನೀರಾಗುವಾಗ ನುಂಗಿದ್ದಷ್ಟನ್ನೂ ಅಲ್ಲೇ ಕಕ್ಕುತ್ತದೆ. ಕುದಿಯುವ ನೀರು ತಾಗಿದ್ದಕ್ಕಿಂತ ಹಬೆ ತಾಗಿದರೆ ಕೈ ಹೆಚ್ಚು ಸುಡುವುದೂ ಇದರಿಂದಲೇ. ಆದರೆ ಹಬೆ ಎಲ್ಲ ಕಡುಬಿನ ಎಲ್ಲ ಮೈಗೂ ತಾಗಬೇಕು, ಅದಕ್ಕೆ ದಾರಿ ಬೇಕು. ಹನ್ನೆರಡನೆಯ ಕಡುಬು ಮುಚ್ಚುತ್ತಿದ್ದುದು ಆ ದಾರಿಯನ್ನು.

ಮುಚ್ಚಳ ಗುಮ್ಮಟವಾಗಿರುವುದಕ್ಕೂ ಲೆಕ್ಕವಿದೆ. ಚಪ್ಪಟೆ ಮುಚ್ಚಳಕ್ಕೆ ಹಬೆ ಬಡಿದು ಹನಿಯಾಗಿ ಕಡುಬಿನ ನೆತ್ತಿಯ ಮೇಲೇ ತೊಟ್ಟಿಕ್ಕುತ್ತದೆ, ಕಣಕ ಜಿಗಟಾಗುತ್ತದೆ. ಗುಮ್ಮಟದಲ್ಲಾದರೆ ಹನಿ ಇಳಿಜಾರು ಹಿಡಿದು ಬದಿಗೆ ಹರಿದು ತಳ ಸೇರುತ್ತದೆ. ಈಗಿನ ಚಪ್ಪಟೆ ಮುಚ್ಚಳದ ಇಡ್ಲಿ ಪಾತ್ರೆ ಇರುವವರು ಮುಚ್ಚಳದ ಒಳಮೈಗೆ ಒಂದು ಅರಿವೆ ಕಟ್ಟಿದರೆ ಅದೇ ಕೆಲಸ ಆಗುತ್ತದೆ.

ಇನ್ನೊಂದು ಸಲಕರಣೆಯನ್ನು ಹೇಳದಿದ್ದರೆ ಅಮ್ಮ ಕನಸಿನಲ್ಲಿ ಬಂದು ಕೇಳಿಯಾಳು. ನೀರಿಗೆ ಒಂದು ತೂತಿನ ಕಾಸು ಹಾಕುತ್ತಿದ್ದಳು. ಎರಡನೇ ಮಹಾಯುದ್ಧದ ಕಾಲಕ್ಕೆ, 1943ರಿಂದ, ಬ್ರಿಟಿಷ್ ಸರಕಾರ ನಡುವೆ ತೂತಿರುವ ಒಂದು ಕಾಸಿನ ನಾಣ್ಯ ಹೊರಡಿಸಿತ್ತಲ್ಲ, ಅದು. ನೀರು ಕುದಿಯುವಷ್ಟು ಹೊತ್ತೂ ಕಾಸು ತಳದಲ್ಲಿ ಟಕಟಕ ಕುಣಿಯುತ್ತದೆ. ಸದ್ದು ನಿಂತಿತೆಂದರೆ ನೀರು ಆರಿತೆಂದೇ ಅರ್ಥ. ಮುಚ್ಚಳ ತೆಗೆದು ನೋಡುವಂತಿಲ್ಲ, ತೆಗೆದರೆ ಕೂಡಿಟ್ಟ ಹಬೆ ಒಮ್ಮೆಲೇ ಹೋಗಿ ಕಡುಬು ಕುಸಿದು ಕೂರುತ್ತವೆ. ಹೀಗಾಗಿ ಕಿವಿಯಿಂದಲೇ ಅಡುಗೆ. ಅಮ್ಮ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತು ಒಳಗಿನ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು.

ಇನ್ನು ಕರಿಯುವ ಕಡೆಗೆ ಬರೋಣ. ಕಾದ ಎಣ್ಣೆಗೆ ಬಿಟ್ಟ ಕಡುಬಿನ ಸುತ್ತ ನೊರೆನೊರೆಯಾಗಿ ಗುಳ್ಳೆ ಏಳುವುದು ಎಣ್ಣೆಯದಲ್ಲ, ಕಣಕದ ನೀರು ಆವಿಯಾಗಿ ಹೊರಗೆ ನುಗ್ಗುವುದು. ಅದು ನುಗ್ಗುತ್ತಿರುವ ತನಕ ಎಣ್ಣೆಗೆ ಒಳಗೆ ಹೋಗಲು ಅವಕಾಶ ಕಡಿಮೆ. ಜಾರಿಯಿಂದ ಎತ್ತಿ ತಾಟಿಗೆ ಹಾಕಿದ ಮೇಲೆ ಒಳಗಿನ ಆವಿ ತಣಿದು ಒತ್ತಡ ಇಳಿಯುತ್ತದೆ, ಆಗ ಮೈಗೆ ಮೆತ್ತಿದ ಎಣ್ಣೆ ನೀರು ಬಿಟ್ಟುಹೋದ ಸಂದಿಗಳೊಳಗೆ ಇಳಿಯುತ್ತದೆ. ಹಾಗಾಗಿ ಕರಿಯಲೇಬೇಕಾದ ದಿನ ಎತ್ತಿದ ಕೂಡಲೇ, ಬಿಸಿ ಇರುವಾಗಲೇ, ಎಣ್ಣೆ ಸೋರಿಸುವುದು ಲೇಸು. ಒಂದು ಕಡುಬಿಗೆ ಒಂದು ಚಹಾ ಚಮಚ ಎಣ್ಣೆ ಹಿಡಿಯಿತೆಂದೇ ಇಟ್ಟುಕೊಳ್ಳಿ, ಅಂದರೆ ಐದು ಗ್ರಾಂ. ಗ್ರಾಂ ಒಂದಕ್ಕೆ ಒಂಬತ್ತು ಕಿಲೊಕ್ಯಾಲೊರಿ ಲೆಕ್ಕದಲ್ಲಿ ನಲವತ್ತೈದು. ನಾಲ್ಕು ಕಡುಬು ತಿಂದವನು ಹೂರಣ, ಕಣಕ ಬಿಟ್ಟು ಎಣ್ಣೆಯಿಂದಲೇ ನೂರೆಂಬತ್ತು ಕಿಲೊಕ್ಯಾಲೊರಿ ಒಳಗಿಳಿಸಿರುತ್ತಾನೆ. ಇದಕ್ಕಿಂತ ನನಗೆ ಹೆದರಿಕೆ ಬಾಣಲೆಯಲ್ಲಿ ಉಳಿದ ಎಣ್ಣೆಯದು. ಅದನ್ನು ಸೋಸಿ ಡಬ್ಬಿಗೆ ಹಾಕಿ ವಾರವಿಡೀ ಒಗ್ಗರಣೆಗೆ, ಮುಂದಿನ ವಾರ ಮತ್ತೆ ಮಿರ್ಚಿ ಬಜ್ಜಿಗೆ ಬಳಸುವುದು ನಮ್ಮ ಮನೆಗಳ ರೂಢಿ. ಕಾಯಿಸಿದಷ್ಟೂ ಎಣ್ಣೆ ಕೆಡುತ್ತದೆ. ಕೆಟ್ಟ ಅಂಶ ಶೇ 25 ದಾಟಿದ ಎಣ್ಣೆಯನ್ನು ಆಹಾರಕ್ಕೆ ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮವನ್ನೇ ಮಾಡಿದೆ. ಅದನ್ನು ಅಳೆಯುವ ಯಂತ್ರ ನಮ್ಮ ಅಡುಗೆಮನೆಯಲ್ಲಿಲ್ಲ. ಕಪ್ಪಗೆ, ದಪ್ಪಗೆ ಆಗಿ ನೊರೆ ಬರುತ್ತಿದ್ದರೆ ಚೆಲ್ಲುವುದೇ ಸರಿ.

ಅಮ್ಮನ ಕಾಲಕ್ಕೆ ಈ ತಕರಾರೇ ಇರಲಿಲ್ಲ. ಎಣ್ಣೆ ಗಾಣದಿಂದ ಬರುತ್ತಿತ್ತು. ಕುಸುಬಿ, ಶೇಂಗಾ, ಗುರೆಳ್ಳು ಒಯ್ದು ಹಾಕಿದರೆ ಅಳೆದು ಕೊಟ್ಟಷ್ಟು, ಅದೂ ದೀಪ, ತಲೆ, ಒಗ್ಗರಣೆ ಎಲ್ಲಕ್ಕೂ ಆಗಬೇಕು. ಬಾಣಲೆ ತುಂಬ ಎಣ್ಣೆ ಸುರಿಯುವುದೆಂದರೆ ವರ್ಷಕ್ಕೆ ನಾಲ್ಕೈದು ಸಲದ ವೈಭೋಗ. ಕಾರಹುಣ್ಣಿಮೆ, ಚೌತಿ, ದೀಪಾವಳಿ, ಮನೆಗೆ ಅಳಿಯ ಬಂದ ದಿನ. ಉಳಿದಂತೆ ಹಬೆ, ಹಂಚು, ಕೆಂಡ. ಬಾಣಲೆ ವಾರದ ಸಂಗತಿಯಾದದ್ದು ಎಣ್ಣೆ ಪ್ಯಾಕೆಟ್ಟಿನಲ್ಲಿ ಬಂದ ಮೇಲೆ. 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆಯಿತು. ಈಗ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಬೋಗುಣಿ ಅಟ್ಟ ಹತ್ತಿದ್ದೂ ಹೆಚ್ಚುಕಡಿಮೆ ಆ ವರ್ಷಗಳಲ್ಲೇ. ಹಳೆಯ ರುಚಿ ಬೇಡವಾಗಿ ಯಾರೂ ಅದನ್ನು ಬಿಡಲಿಲ್ಲ, ಹಬ್ಬದ ರುಚಿ ದಿನವೂ ಸಿಗುವಂತಾಯಿತು, ಅಷ್ಟೇ.

ಹಿಟ್ಟಿನ ಕಥೆಯೂ ಹೀಗೇ. ನಮ್ಮ ಜಿಲ್ಲೆಗೆ ಕಾಳಿನ ಜಗಳ ಹೊಸದಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ, ರಾಗಿಗಳನ್ನು ರಾಮನ ಎದುರೇ ಜಗಳಕ್ಕೆ ನಿಲ್ಲಿಸಿದರು. ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಗಟ್ಟಿಯಾಗಿ ಉಳಿದದ್ದು ಬಡವರ ಕಾಳು. ಹಿರೇಕೆರೂರು ತಾಲ್ಲೂಕಿನ ಅಬಲೂರಿನವನೆಂದು ನಾಡು ನಂಬಿರುವ ಸರ್ವಜ್ಞನೂ ಯಾವ ಕಾಳು ಉಂಡವನು ಏನಾಗುತ್ತಾನೆಂದು ತ್ರಿಪದಿ ಕಟ್ಟಿದವನೇ. ಇಷ್ಟೆಲ್ಲ ಹೇಳಿಸಿಕೊಂಡ ನಾವು ಇವತ್ತು ಹೊಲದ ತುಂಬ ಗೋವಿನಜೋಳ, ಹತ್ತಿ ಬೆಳೆದು, ಕಡುಬಿಗೆ ಅಂಗಡಿಯ ಮೈದಾ ತರುತ್ತೇವೆ.

ಮೈದಾ ಯಾಕೆ ಬಂತೆಂಬುದು ಮಾಡಿದವರಿಗೆ ಗೊತ್ತು. ಕಣಕ ಹಿಗ್ಗುತ್ತದೆ, ತೆಳ್ಳಗೆ ಲಟ್ಟಿಸಬಹುದು, ಹೂರಣ ತುಂಬಿದರೆ ಹರಿಯುವುದಿಲ್ಲ, ಬೆಳ್ಳಗೆ ಚೆಂದ ಕಾಣುತ್ತದೆ. ಕಳೆದುಕೊಳ್ಳುವುದು ತೌಡನ್ನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕಗಳ ಪ್ರಕಾರ 100 ಗ್ರಾಂ ಇಡೀ ಗೋಧಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ. ಮೈದಾದಲ್ಲಿ ಮೂರಕ್ಕೂ ತುಸು ಕಡಿಮೆ, ಪಾಲಿಶ್ ಮಾಡಿದ ಅಕ್ಕಿಯಲ್ಲೂ ಅಷ್ಟೇ. ಹಬೆಯಲ್ಲಿ ಬೇಯಿಸಿದ್ದು ಎಂದ ಮಾತ್ರಕ್ಕೆ ಮೈದಾ ಕಡುಬು ಪಥ್ಯದ ಊಟವಾಗಿಬಿಡುವುದಿಲ್ಲ ಎನ್ನಲು ಈ ಲೆಕ್ಕ ಸಾಕು.

ಇದಕ್ಕೆ ನೆರೆಯಲ್ಲೇ ಉದಾಹರಣೆಯಿದೆ. ಹಾನಗಲ್ಲಿಂದ ಪಡುವಣಕ್ಕೆ ಬಸ್ಸು ಹಿಡಿದರೆ ಮುಂಡಗೋಡ. 1966ರಲ್ಲಿ ಅಲ್ಲಿ ಟಿಬೆಟನ್ನರಿಗೆ ನೆಲೆ ಮಾಡಿಕೊಟ್ಟರು, ಗಾಂದೆನ್, ದ್ರೆಪುಂಗ್ ಮಠಗಳು ಅಲ್ಲಿ ಮತ್ತೆ ಎದ್ದವು. ಜೊತೆಗೆ ಬಂತು ಮೋಮೊ. ಭಾನುವಾರ ನಮ್ಮ ಹುಡುಗರು ಬೈಕಿನಲ್ಲಿ ಟಿಬೆಟನ್ ಕಾಲೊನಿಗೆ ಹೋಗುವುದೇ ಅದಕ್ಕೆ. ಮೊದಲ ಸಲ ಹೋಟೆಲ್ಲಿನ ಒಲೆಯ ಮೇಲಿನ ಆ ಮೂರ್ನಾಲ್ಕು ಅಂತಸ್ತಿನ ಅಲ್ಯುಮಿನಿಯಂ ಪಾತ್ರೆ ಕಂಡಾಗ ನನಗೆ ನಗು ಬಂತು. ತಳದಲ್ಲಿ ನೀರು, ಮೇಲೆ ತೂತಿನ ತಾಟು, ಗುಮ್ಮಟದ ಮುಚ್ಚಳ. ಆಡೂರಿನ ಬೋಗುಣಿಗೆ ಮಹಡಿ ಕಟ್ಟಿಸಿದ ಹಾಗಿತ್ತು. ಹಿಮಾಲಯದಾಚೆ ಹುಟ್ಟಿದ ಬುದ್ಧಿ, ವರದಾ ತೀರದಲ್ಲಿ ಹುಟ್ಟಿದ ಬುದ್ಧಿ ಎರಡೂ ಒಂದೇ ಉತ್ತರಕ್ಕೆ ಬಂದಿವೆ. ತೆಲುಗರ ಕುಡುಮು, ತಮಿಳರ ಕೊಳುಕಟ್ಟೆ, ಕೊಂಕಣದ ಮೋದಕ, ಕೊಡವರ ಕಡಂಬಿಟ್ಟು, ಚೀನೀಯರ ಜಿಯಾವೊಜಿ ಎಲ್ಲ ಈ ಉತ್ತರದ ಬೇರೆ ಬೇರೆ ಬರಹ. ಮೋಮೊ ಒಳಗೆ ಎಲೆಕೋಸು, ಈರುಳ್ಳಿ ಇರುತ್ತದೆ, ಎಣ್ಣೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೊದಿಕೆ ಮಾತ್ರ ಮೈದಾ. ಅವರ ತರಕಾರಿಯನ್ನು ನಮ್ಮ ಜೋಳಕ್ಕೆ ತುಂಬಿದರೆ ಹೇಗೆ ಎಂದು ಅಲ್ಲೇ ಕೂತು ಯೋಚಿಸಿದ್ದೆ. ಮನೆಗೆ ಬಂದು ಮಾಡಿದೆ, ಮೊದಲ ಸಲ ಕೆಟ್ಟಿತು.

ಕೆಟ್ಟದ್ದು ನನ್ನ ಅವಸರಕ್ಕೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನು ಇದೆ, ತಣ್ಣೀರು ಹಾಕಿ ನಾದಿದರೂ ಬಲೆಯಂತೆ ಹೆಣೆದುಕೊಳ್ಳುತ್ತದೆ. ಜೋಳಕ್ಕೆ ಅದಿಲ್ಲ. ತಣ್ಣೀರಲ್ಲಿ ಕಲಸಿದರೆ ಮರಳು. ಅದನ್ನು ಹಿಡಿದಿಡಬೇಕಾದ್ದು ಅದರ ಪಿಷ್ಟವೇ, ಆ ಪಿಷ್ಟ ಅಂಟಾಗಲು ಎಪ್ಪತ್ತು ಡಿಗ್ರಿ ದಾಟಿದ ಬಿಸಿ ಬೇಕು. ರೊಟ್ಟಿ ಬಡಿಯುವವಳು ಹಿಟ್ಟಿನ ನಡುವೆ ಕುಣಿ ಮಾಡಿ ಮರಳುವ ಎಸರು ಹೊಯ್ಯುವುದು ಇದಕ್ಕೇ. ಎರಡು ಬಟ್ಟಲು ಜೋಳದ ಹಿಟ್ಟಿಗೆ ಎರಡು ಬಟ್ಟಲಿಗೆ ತುಸು ಕಡಿಮೆ ನೀರು, ಚೂರು ಉಪ್ಪು. ನೀರು ಕೊತಕೊತ ಕುದಿಯುವಾಗ ಹಿಟ್ಟು ಸುರಿದು, ಒಲೆ ಆರಿಸಿ, ಮುಚ್ಚಿ ಹತ್ತು ನಿಮಿಷ ಬಿಡಬೇಕು. ಆಮೇಲೆ ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು, ಎಷ್ಟೆಂದರೆ ಉಂಡೆ ಮಾಡಿ ಒತ್ತಿದಾಗ ಅಂಚು ಬಿರಿಯಬಾರದು. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಬಿರಿಯುತ್ತದೆ, ಗಿರಣಿಯಿಂದ ವಾರದೊಳಗೆ ತಂದದ್ದೇ ಆಗಬೇಕು.

ಒಳಗೆ ತುಂಬಲು ನಾನು ಹಿಡಿದ ದಾರಿ ಹೀಗೆ. ನೆನೆಸಿದ ತೊಗರಿಬೇಳೆ, ಕಡಲೆಬೇಳೆ ತರಿತರಿಯಾಗಿ ರುಬ್ಬಿ, ಒಂದು ಸಿವುಡು ಮೆಂತ್ಯದ ಸೊಪ್ಪು, ಹಸಿಮೆಣಸು, ಜೀರಿಗೆ, ಬೆಳ್ಳುಳ್ಳಿ. ಸೊಪ್ಪನ್ನು ನೀರಲ್ಲಿ ಕುದಿಸಿ ಬಸಿದರೆ ನೀರಿನ ಜೊತೆ ಹೋಗುವ ಜೀವಸತ್ವಗಳು ಹೀಗೆ ಮುಚ್ಚಿ ಬೇಯಿಸಿದಾಗ ಬಹುಪಾಲು ಒಳಗೇ ಉಳಿಯುತ್ತವೆ. ಜೋಳಕ್ಕೆ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿ ಧಾರಾಳ, ಬೇಳೆಗೆ ಕಡಿಮೆಯಿರುವ ಮೆಥಿಯೋನಿನ್ ಜೋಳದಲ್ಲಿ ಉಂಟು. ಎರಡೂ ಕೂಡಿದರೆ ಪ್ರೋಟೀನು ಪೂರ್ತಿಯಾಗುತ್ತದೆ. ಹದಿನೈದು ನಿಮಿಷ ಹಬೆ ಸಾಕು. ತುಂಬುವಷ್ಟು ವ್ಯವಧಾನ ಇಲ್ಲದವರಿಗೆ ಹಳೆಯ ಜೋಳದ ಕಡುಬೇ ಇದೆ. ಅಡಕೆಯಷ್ಟು ಉಂಡೆ, ಹೆಬ್ಬೆರಳಿಂದ ನಡುವೆ ಒಂದು ಕುಳಿ, ಹಬೆಯಲ್ಲಿ ಬೆಂದ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಆ ಕುಳಿ ಅಲಂಕಾರಕ್ಕಲ್ಲ, ನಡುಭಾಗ ತೆಳ್ಳಗಾಗಿ ಬೇಗ ಬೇಯಲಿ, ಒಗ್ಗರಣೆ ಅಲ್ಲಿ ನಿಲ್ಲಲಿ ಎಂದು. ನೆನೆಸಿದ ಸಾವಿ ಅಕ್ಕಿಯ ನುಚ್ಚಿಗೆ ಬೇಳೆ, ಸಬ್ಬಸಿಗೆ ಕೂಡಿಸಿ ಮುಷ್ಟಿಯಲ್ಲಿ ಒತ್ತಿ ಬೇಯಿಸುವುದೂ ಚೆನ್ನಾಗಿರುತ್ತದೆ, ಮೈಸೂರು ಕಡೆಯ ನುಚ್ಚಿನುಂಡೆಯ ಕಿರಿಯ ತಂಗಿ ಎನ್ನಿ.

ಸಿಹಿ ಕಡುಬಿನ ಲೆಕ್ಕವನ್ನು ಮುಲಾಜಿಲ್ಲದೆ ಹೇಳಬೇಕು. ಕಾಲು ಕಿಲೊ ಕಡಲೆಬೇಳೆಗೆ ಕಾಲು ಕಿಲೊ ಬೆಲ್ಲ, ಇದು ಹಳೆಯ ಅಳತೆ. ಅದರಲ್ಲಿ ಇಪ್ಪತ್ತು ಕಡುಬು ಆಗುತ್ತವೆಂದರೆ ಒಂದೊಂದರಲ್ಲಿ ಹನ್ನೆರಡೂವರೆ ಗ್ರಾಂ ಬೆಲ್ಲ. ದಿನಕ್ಕೆ 25 ಗ್ರಾಮಿನೊಳಗೆ ಸಕ್ಕರೆ ಇದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಎರಡು ಕಡುಬಿಗೇ ಅದು ಮುಗಿಯಿತು. ಬೆಲ್ಲ ಸಕ್ಕರೆಯಲ್ಲವಲ್ಲ ಎಂದು ಸಮಾಧಾನ ಹೇಳಿಕೊಳ್ಳುವವರು ಬಹಳ. ಖನಿಜ ಒಂದಿಷ್ಟು ಇದೆ ನಿಜ, ಉಳಿದದ್ದು ಸಕ್ಕರೆಯೇ. ಮಧುಮೇಹ ಇದ್ದವರ ರಕ್ತ ಎರಡಕ್ಕೂ ಭೇದ ಮಾಡುವುದಿಲ್ಲ. ನಾನು ಬೆಲ್ಲವನ್ನು 150 ಗ್ರಾಮಿಗೆ ಇಳಿಸಿ, ಒಣಕೊಬ್ಬರಿ, ಹುರಿದ ಗಸಗಸೆ, ಯಾಲಕ್ಕಿ ತುಸು ಮುಂದಿಡುತ್ತೇನೆ. ಪರಿಮಳ ಸಿಹಿಯ ಕೊರತೆಯನ್ನು ಸ್ವಲ್ಪ ಮರೆಸುತ್ತದೆ. ಒಮ್ಮೆಲೇ ಅಷ್ಟು ಇಳಿಸಿದರೆ ಮನೆಯಲ್ಲಿ ದಂಗೆ ಏಳುತ್ತದೆ, ವರ್ಷಕ್ಕೆ ಇಷ್ಟಿಷ್ಟು ಕಡಿಮೆ ಮಾಡಬೇಕು. ಬೇಳೆ ಬಸಿದ ಕಟ್ಟನ್ನು ಚೆಲ್ಲಬಾರದು, ಸಾರಿಗೆ ಬೇಕಲ್ಲ.

ಕಣಕಕ್ಕೆ ಇಡೀ ಗೋಧಿ ಹಿಟ್ಟು. ಸಿಕ್ಕರೆ ಸದಕ, ಅಂದರೆ ಜವೆಗೋಧಿ. ಹುಗ್ಗಿ, ಮಾದಲಿಗಳಿಗೆ ನಮ್ಮ ಕಡೆಯವರು ಆರಿಸುವ ಕೆಂಪು ಗೋಧಿ ಅದು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಅದರ ಗಿಡ್ಡ ತಳಿಗಳನ್ನು ಬೆಳೆಸಿ ರೈತರಿಗೆ ಕೊಟ್ಟಿದೆ. ಅದರಲ್ಲೂ ಗ್ಲುಟೆನ್ ಇದೆ, ಗೋಧಿ ಒಗ್ಗದವರಿಗೆ ಇದೂ ಒಗ್ಗದು. ಇಡೀ ಗೋಧಿಯ ಕಣಕದ ದೋಷವೆಂದರೆ ಹಬೆಯಲ್ಲಿ ಬೆಂದದ್ದು ಆರಿದ ಮೇಲೆ ತೊಗಲಾಗುತ್ತದೆ. ಮೆತ್ತಗೆ ಕಲಸಿ ಒಂದು ಚಮಚ ಎಣ್ಣೆ ಸವರಿ ಒಂದು ತಾಸು ನೆನೆಯಲು ಬಿಟ್ಟು, ತೆಳ್ಳಗೆ ಲಟ್ಟಿಸಿ, ಬಿಸಿ ಇರುವಾಗಲೇ ತಿಂದರೆ ಆ ದೋಷ ಅರ್ಧ ಹೋಗುತ್ತದೆ. ಉಳಿದರ್ಧಕ್ಕೆ ತುಪ್ಪವಿದೆ ಎನ್ನುತ್ತಾಳೆ ಅವ್ವ. ಅಲ್ಲೇ ಇರುವುದು ತೊಡಕು. ಎಣ್ಣೆ ಬೇಡವೆಂದು ಹಬೆಗೆ ಇಟ್ಟ ಕಡುಬನ್ನು ನಡುವೆ ಮುರಿದು ಮಿಳ್ಳೆಯಿಂದ ಧಾರೆಯಾಗಿ ತುಪ್ಪ ಬಿಟ್ಟರೆ ಹಬೆ ಗಳಿಸಿದ್ದನ್ನೆಲ್ಲ ಮಿಳ್ಳೆ ಕಳೆಯುತ್ತದೆ. ತುಪ್ಪವಿಲ್ಲದೆ ಹೂರಣದ ಕಡುಬು ತಿನ್ನಿ ಎಂದು ಮಾತ್ರ ನಾನು ಯಾರಿಗೂ ಹೇಳಲಾರೆ. ಒಂದು ಚಹಾ ಚಮಚ, ಅಷ್ಟಕ್ಕೆ ಮಿಳ್ಳೆಯನ್ನು ನೆಲುವಿಗೆ ಏರಿಸಿಬಿಡಬೇಕು.

ಪಾತ್ರೆಯ ಬಗ್ಗೆ ಒಂದು ಎಚ್ಚರಿಕೆಯಿದೆ. ಅಟ್ಟದಿಂದ ಇಳಿಸಿದ ಹಿತ್ತಾಳೆಯನ್ನು ತೊಳೆದ ಕೂಡಲೇ ಒಲೆಗೆ ಏರಿಸಬಾರದು. ಹಿತ್ತಾಳೆ ಎಂದರೆ ತಾಮ್ರ, ಸತುವಿನ ಬೆರಕೆ. ಹುಳಿ, ಉಪ್ಪು ತಾಗಿದರೆ ತಾಮ್ರ ಬಿಟ್ಟುಕೊಳ್ಳುತ್ತದೆ, ಅತಿಯಾದರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಅದಕ್ಕೇ ಒಳಮೈಗೆ ಕಲಾಯಿ. ನವಸಾಗರದ ಪುಡಿ ಉಜ್ಜಿ ಮೈ ಶುದ್ಧ ಮಾಡಿ, ಕಾದ ಪಾತ್ರೆಗೆ ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒರೆಸುತ್ತ ಬೆಳ್ಳಗೆ ಹರಡುವ ಆ ಕಸುಬುಗಾರರು ಹಿಂದೆ ಓಣಿಗೇ ಬಂದು ತಿದಿ ಹೂಡುತ್ತಿದ್ದರು. ಈಗ ಹುಡುಕಿಕೊಂಡು ಹೋಗಬೇಕು. ತವರಿನಿಂದ ಬಂದ ಪಾತ್ರೆಗೆ ತವರದ ಲೇಪ ಎಂದು ಅಮ್ಮ ಪ್ರತಿಸಲ ಅದೇ ಚಾಟು ಹೇಳಿ ತಾನೇ ನಗುತ್ತಿದ್ದಳು. ತವರ ಕರಗುವುದು 232 ಡಿಗ್ರಿಗೆ. ನೀರಿರುವ ತನಕ ಪಾತ್ರೆಯ ತಳ ನೂರರ ಆಸುಪಾಸಿನಲ್ಲೇ ಇರುತ್ತದೆ, ನೀರು ಆರಿತೋ ತಳದ ಕಲಾಯಿ ಹೋಯಿತು. ತೂತಿನ ಕಾಸಿನ ಸದ್ದಿಗೆ ಅವಳು ಅಷ್ಟು ಕಿವಿ ಕೊಟ್ಟಿದ್ದರ ಇನ್ನೊಂದು ಕಾರಣ ಇದು. ಕಲಾಯಿ ಮಾಡಿಸಲು ಆಗದಿದ್ದರೆ ಬಾಳೆಎಲೆ ಹಾಸಿ ಅದರ ಮೇಲೆ ಕಡುಬು ಇಡಬಹುದು. ಹುಣಸೆ, ನಿಂಬೆ ಹಾಕಿದ ಹೂರಣಕ್ಕಂತೂ ಸ್ಟೀಲೇ ಮೇಲು.

ಹಾಗಾದರೆ ಇಷ್ಟು ತಿಕ್ಕಿ, ಕಲಾಯಿ ಮಾಡಿಸಿ, ಕಾಸು ಹಾಕಿ ಯಾಕೆ, ಸ್ಟೀಲಿನ ಇಡ್ಲಿ ಪಾತ್ರೆಯಲ್ಲೇ ಮಾಡಬಹುದಲ್ಲ ಎಂದು ನನ್ನ ತಮ್ಮನ ಹೆಂಡತಿ ಕೇಳಿದಳು. ಮಾಡಬಹುದು. ಹಬೆ ಹಿತ್ತಾಳೆಯಲ್ಲಿ ಬೇರೆ, ಸ್ಟೀಲಿನಲ್ಲಿ ಬೇರೆ ಅಲ್ಲ. ಹಳೆ ಪಾತ್ರೆಯಲ್ಲಿ ಬೇಯಿಸಿದರೆ ಔಷಧಿ ಗುಣ ಬರುತ್ತದೆ ಎಂದು ಹೇಳಿ ಮಾರುವವರ ಮಾತನ್ನು ನಾನು ನಂಬುವುದಿಲ್ಲ. ನನಗೆ ಈ ಬೋಗುಣಿಯಲ್ಲಿ ಕಾಣುವ ಗುಣ ಒಂದೇ. ಅದರ ತಾಟು ಸಣ್ಣದು. ಬಾಣಲೆಗೆ ಅಳತೆಯಿಲ್ಲ. ಒಂದು ಎತ್ತುವಷ್ಟರಲ್ಲಿ ಇನ್ನೊಂದು ಬಿಡಬಹುದು, ತಿನ್ನುವವರು ತಿನ್ನುತ್ತಲೇ ಇರಬಹುದು, ಎಷ್ಟಾಯಿತೆಂದು ಯಾರಿಗೂ ಗೊತ್ತಾಗದು. ತಾಟು ಹನ್ನೊಂದಕ್ಕೆ ನಿಲ್ಲುತ್ತದೆ. ಎರಡನೇ ಸರತಿ ಬೇಯಲು ಮತ್ತೆ ಕಾಲು ತಾಸು. ಅಷ್ಟರಲ್ಲಿ ಸಾರು ಅನ್ನ ಉಂಡಾಗಿರುತ್ತದೆ, ಮಾತು ಶುರುವಾಗಿರುತ್ತದೆ, ಹೊಟ್ಟೆಗೂ ತನಗೆ ಸಾಕೆಂದು ಹೇಳಲು ಸಮಯ ಸಿಕ್ಕಿರುತ್ತದೆ. ಐದು ಜನರ ಮನೆಯಲ್ಲಿ ತಲೆಗೆ ಎರಡು, ಉಳಿದ ಒಂದು ಯಾರದೆಂಬುದು ಜಗಳ. ನಮ್ಮ ಬಾಲ್ಯದ ಪಂಚಮಿಯ ಜಗಳವೆಲ್ಲ ಆ ಹನ್ನೊಂದನೆಯದಕ್ಕೇ. ಅದನ್ನು ಅಮ್ಮ ಬಾಗಿಲಿಗೆ ಬಂದವರಿಗೆ ಕೊಟ್ಟುಬಿಡುತ್ತಿದ್ದಳು.

ಕಳೆದ ಪಂಚಮಿಗೆ ತಮ್ಮನ ಮಗಳು ತಾಟು ತುಂಬಿದಳು. ಎಂಟು ವರ್ಷದವಳು, ಸುತ್ತ ಒಂಬತ್ತು ಇಟ್ಟು, ನಡುವೆ ಎರಡು ಇಟ್ಟು, ಅಂಗೈಯಲ್ಲಿ ಉಳಿದ ಇನ್ನೊಂದನ್ನು ಹಿಡಿದುಕೊಂಡು ಜಾಗ ಹುಡುಕುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಳಗಿನಿಂದ ಕೂಗಿದಳು, ‘ಹನ್ನೊಂದ ಹಿಡೀತಾವವ್ವಾ.’ ಹುಡುಗಿ ಮುಖ ಸಣ್ಣದು ಮಾಡಿ ಮುಚ್ಚಳ ಮುಚ್ಚಿದಳು. ತುಸು ಹೊತ್ತಿಗೆ ತಳದಲ್ಲಿ ಕಾಸು ಕುಣಿಯತೊಡಗಿತು. ಅವಳು ಗೋಡೆಗೆ ಒರಗಿ, ಕೈಯಲ್ಲಿನ ಹಸಿ ಕಡುಬು ಹಾಗೇ ಹಿಡಿದು, ಆ ಸದ್ದು ಕೇಳುತ್ತ ಕೂತಳು.